ಹಿಡಿಗೋಲಿನಿಂದ ಚಕ್ರಕ್ಕೆ: ಸಣ್ಣ ಮೀನುದೋಣಿಯ ಚುಕ್ಕಾಣಿಯನ್ನು ಬದಲಿಸುವ ಬಗೆ

'ಚುಕ್ಕಾಣಿ ಹಿಡಿಯುವುದು' ಎಂಬ ಮಾತನ್ನು ನಾವು ಸಂಸಾರದ ವಿಷಯದಲ್ಲಿಯೂ ರಾಜ್ಯಭಾರದ ವಿಷಯದಲ್ಲಿಯೂ ಧಾರಾಳವಾಗಿ ಬಳಸುತ್ತೇವೆ. ಆದರೆ ನೀರಿನ ಮೇಲೆ ನಿಜವಾದ ಚುಕ್ಕಾಣಿಯನ್ನು ಹಿಡಿದ ಕೈಗೆ ಏನೇನು ಕೆಲಸವಿರುತ್ತದೆಂದು ಯೋಚಿಸುವ ಪ್ರಸಂಗ ನಮ್ಮಲ್ಲಿ ಬಹುಮಂದಿಗೆ ಬರುವುದಿಲ್ಲ. ಆ ಕೆಲಸದ ವಿಸ್ತಾರವು ತಿಳಿಯಬೇಕಾದರೆ ಚುಕ್ಕಾಣಿಯನ್ನು ದೋಣಿಯ ಒಂದು ಸ್ಥಳದಿಂದ ಮತ್ತೊಂದು ಸ್ಥಳಕ್ಕೆ ಸಾಗಿಸಲು ಪ್ರಯತ್ನಿಸಬೇಕು. ಹಾಗೆ ಪ್ರಯತ್ನಿಸುವವರು ಅಮೆರಿಕ ಮತ್ತು ಕೆನಡಾ ದೇಶಗಳ ಸರೋವರ ಪ್ರಾಂತಗಳಲ್ಲಿ ಹಲವರುಂಟು. ಅವರ ಪ್ರಯತ್ನವನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಆ ಪ್ರಾಂತಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಮೀನುದೋಣಿಯು ಅಲ್ಯುಮಿನಿಯಂ ತಗಡಿನಿಂದ ಮಾಡಿದುದು. ಉದ್ದ 14ರಿಂದ 16 ಅಡಿ. ಅದರ ಹಿಂಬದಿಯ ಹಲಗೆಗೆ ಹೊರಗಿನಿಂದ ಒಂದು ಎಂಜಿನನ್ನು ತಗುಲಿಸಿರುತ್ತಾರೆ. ಇದಕ್ಕೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ಎಂಜಿನಿನಿಂದ ಮುಂದಕ್ಕೆ ಚಾಚಿಕೊಂಡಿರುವ ಒಂದು ಹಿಡಿಗೋಲನ್ನು ಕೈಯಲ್ಲಿ ಹಿಡಿದು, ದೋಣಿಯ ತೀರ ಹಿಂದಿನ ಪೀಠದಲ್ಲಿ ಒಂದು ಮಗ್ಗುಲಾಗಿ ಕುಳಿತು ಚಾಲಕನು ದೋಣಿಯನ್ನು ನಡೆಸುತ್ತಾನೆ. ಕೆಲವು ವರ್ಷಗಳಾದ ಮೇಲೆ ಅವನಿಗೆ ಈ ಏರ್ಪಾಡು ಬೇಸರ ತರುತ್ತದೆ. ಮೈಯನ್ನು ತಿರುಚಿ ಕುಳಿತು ಬೆನ್ನು ನೋಯುತ್ತದೆ; ಎಂಜಿನಿನ ಕಂಪನದಿಂದ ಕೈ ಜೋಮು ಹಿಡಿಯುತ್ತದೆ; ದೋಣಿ ವೇಗಗೊಂಡು ಮೂತಿಯನ್ನು ಮೇಲಕ್ಕೆತ್ತಿದಾಗ ಎದುರಿನ ನೀರು ಕಾಣಿಸದು. ಮೋಟಾರು ಕಾರಿನಲ್ಲಿರುವಂತೆ ಮುಂದೆ ಒಂದು ಚಕ್ರ, ಅದರ ಮುಂದೆ ಗಾಳಿ ತಡೆಯುವ ಗಾಜು, ಒರಗಲು ಒಂದು ಆಸನ ಇದ್ದರೆ ಎಷ್ಟು ಸುಖವೆಂದು ಅವನಿಗೆ ತೋರುವುದು ಸಹಜವೇ ಸರಿ. ಚಕ್ರ ಮತ್ತು ಹಿಡಿಕೆಗಳನ್ನು ಹೊತ್ತು ನಿಂತಿರುವ ಈ ಪೆಟ್ಟಿಗೆಯಂಥ ಪೀಠಕ್ಕೆ ಕನ್ಸೋಲ್ ಎನ್ನುತ್ತಾರೆ. ಸರೋವರಗಳು ಹೆಪ್ಪುಗಟ್ಟಿರುವ ಚಳಿಗಾಲದಲ್ಲಿ ಹಳೆಯ ದೋಣಿಯೊಂದರಿಂದ ಚಕ್ರವನ್ನೂ ಕೇಬಲುಗಳನ್ನೂ ಕಳಚಿ ತಂದು, ಮನೆಯ ಕೊಟ್ಟಿಗೆಯಲ್ಲಿಯೇ ತಮ್ಮ ದೋಣಿಗೆ ಅಳವಡಿಸಿಕೊಳ್ಳುವವರೂ ಇದ್ದಾರೆ.

ಮೇಲುನೋಟಕ್ಕೆ ಇದು ಬಡಗಿಯ ಕೆಲಸದಂತೆ ಕಾಣುತ್ತದೆ. ವಾಸ್ತವವಾಗಿ ಇದು ಒಂದು ಕೈ ಮಾಡುತ್ತಿದ್ದ ಹಲವು ಕೆಲಸಗಳನ್ನು ಬಿಡಿಸಿ, ಒಂದೊಂದಕ್ಕೂ ಬೇರೆ ಬೇರೆ ಉಪಕರಣವನ್ನು ನೇಮಿಸುವ ಕೆಲಸ. ಅವುಗಳಲ್ಲಿ ಒಂದನ್ನು ಮರೆತರೂ ದೋಣಿಯು ಮೊದಲಿಗಿಂತ ಹೆಚ್ಚು ಅಪಾಯಕರವಾಗುವುದು.

ಕೋಲು ಮತ್ತು ಚಕ್ರ

ನೌಕೆಯ ದಿಕ್ಕನ್ನು ಬದಲಿಸಲು ಮನುಷ್ಯನು ಮೊದಲು ಬಳಸಿದುದು ಹುಟ್ಟನ್ನೇ. ಹಿಂಬದಿಯ ಪಕ್ಕಕ್ಕೆ ಕಟ್ಟಿದ ದೊಡ್ಡ ಹುಟ್ಟು ಕಾಲಕ್ರಮದಲ್ಲಿ ನೌಕೆಯ ಹಿಂಗಂಬಕ್ಕೆ ತಗುಲಿಸಿದ ಚುಕ್ಕಾಣಿಯ ಹಲಗೆಯಾಯಿತು. ಆ ಹಲಗೆಯನ್ನು ತಿರುಗಿಸಲು ಅದರ ತಲೆಗೆ ಒಂದು ಅಡ್ಡಗೋಲು ಬಂದಿತು. ಇದೇ ಹಿಡಿಗೋಲು. ಹಡಗುಗಳು ದೊಡ್ಡವಾದಂತೆ ಹಿಡಿಗೋಲನ್ನು ತಳ್ಳಲು ಹಲವರು ಆಳುಗಳು ಬೇಕಾದರು. ಕೊನೆಗೆ 18ನೆಯ ಶತಮಾನದ ಆರಂಭದ ವೇಳೆಗೆ ಹಗ್ಗ ಮತ್ತು ರಾಟೆಗಳ ಮೂಲಕ ಹಿಡಿಗೋಲನ್ನು ಎಳೆಯುವ ಚಕ್ರವು ಬಳಕೆಗೆ ಬಂದಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಹಿಡಿಗೋಲನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಎಡಕ್ಕೆ ತಳ್ಳಿದರೆ ಬಲಕ್ಕೆ. ಚಕ್ರವಾದರೋ ತಿರುಗಿಸಿದ ಕಡೆಗೇ ದೋಣಿಯನ್ನು ಒಯ್ಯುತ್ತದೆ. ಚಕ್ರ ಬಂದು ಎರಡು ಶತಮಾನಗಳು ಕಳೆದರೂ ಹಡಗಿನ ಅಪ್ಪಣೆಗಳು ಮಾತ್ರ ಹಿಡಿಗೋಲಿನ ಭಾಷೆಯಲ್ಲಿಯೇ ಉಳಿದಿದ್ದುವು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಎದುರಿಗೆ ಹಿಮದ ಗುಡ್ಡ ಕಾಣಿಸಿದಾಗ ಅಧಿಕಾರಿಯು ಕೊಟ್ಟ ಅಪ್ಪಣೆ 'ಪೂರ್ತಿ ಬಲಕ್ಕೆ' ಎಂದು. ಅದರಂತೆ ಹಡಗು ತಿರುಗಿದುದು ಎಡಕ್ಕೆ. ಆ ಕಾಲದ ಪದ್ಧತಿಯಂತೆ ಅದು ಸರಿಯಾದ ಅಪ್ಪಣೆಯೇ ಆಗಿದ್ದಿತು. 1929ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮುದ್ರಯಾನದ ಸುರಕ್ಷತೆಯ ಅಂತರರಾಷ್ಟ್ರೀಯ ಸಮ್ಮೇಳನವು, ಅಪ್ಪಣೆಯೂ ಹಡಗಿನ ತಿರುವೂ ಒಂದೇ ದಿಕ್ಕಿನವಾಗಿರಬೇಕೆಂದು ನಿರ್ಧರಿಸಿತು. ಹಿಡಿಗೋಲಿಗೆ ಒಗ್ಗಿದ ಕೈ ಚಕ್ರಕ್ಕೆ ಬಂದಾಗ ಮೊದಲ ಕೆಲವು ದಿನ ತಡವರಿಸುವುದು ಆಶ್ಚರ್ಯವಲ್ಲ. ಅಪಾಯದ ಕ್ಷಣದಲ್ಲಿ ಕೈ ತನ್ನ ಹಳೆಯ ಅಭ್ಯಾಸವನ್ನೇ ನೆನೆಯುತ್ತದೆ.

ಹಿಡಿಗೋಲಿಗೆ ಹೊಸ ಜನ್ಮವನ್ನು ಕೊಟ್ಟುದು ಔಟ್‌ಬೋರ್ಡ್ ಎಂಜಿನು. ಅಮೆರಿಕದ ಕ್ಯಾಮರಾನ್ ವಾಟರ್‌ಮನ್ ಎಂಬಾತನು 1905ರ ಸುಮಾರಿಗೆ ಇಂಥ ಎಂಜಿನೊಂದನ್ನು ರಚಿಸಿ, 1907ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನೆಲಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ತಯಾರಿಸಿದ ಎಂಜಿನು ಜನಪ್ರಿಯವಾಯಿತು. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ. ತೂಕ 62 ಪೌಂಡು, ಎಂದರೆ ಸುಮಾರು 28 ಕಿಲೋಗ್ರಾಂ. ಈ ಬಗೆಯ ಎಂಜಿನಿಗೆ ಪ್ರತ್ಯೇಕವಾದ ಚುಕ್ಕಾಣಿಯ ಹಲಗೆ ಇಲ್ಲ. ನೀರನ್ನು ಹಿಂದಕ್ಕೆ ತಳ್ಳುವ ಪ್ರೊಪೆಲ್ಲರನ್ನೇ ಎಂಜಿನಿನ ಸಮೇತ ಅತ್ತಿತ್ತ ತಿರುಗಿಸಿ ದೋಣಿಯ ದಿಕ್ಕನ್ನು ಬದಲಿಸಬೇಕು. ಆದುದರಿಂದ ಪ್ರೊಪೆಲ್ಲರ್ ನಿಂತರೆ ದಿಕ್ಕಿನ ಮೇಲಣ ಹತೋಟಿಯೂ ಬಹುಮಟ್ಟಿಗೆ ತಪ್ಪಿಹೋಗುತ್ತದೆ.

ಒಂದು ಕೈಯ ಐದು ಕೆಲಸಗಳು

ಹಿಡಿಗೋಲನ್ನು ಹಿಡಿದ ಕೈ ಏನೇನು ಮಾಡುತ್ತದೆಂಬುದನ್ನು ಈಗ ಎಣಿಸಿ ನೋಡೋಣ. ಮೊದಲನೆಯದು, ದೋಣಿಯನ್ನು ತಿರುಗಿಸುವುದು. ಎರಡನೆಯದು, ಕೋಲಿನ ತುದಿಯ ಹಿಡಿಯನ್ನು ತಿರುಚಿ ವೇಗವನ್ನು ಹೆಚ್ಚುಕಡಿಮೆ ಮಾಡುವುದು. ಮೂರನೆಯದು, ಕೋಲಿನಲ್ಲಿಯೋ ಎಂಜಿನಿನ ಪಕ್ಕದಲ್ಲಿಯೋ ಇರುವ ಗೇರನ್ನು ಮುಂದಕ್ಕೆ, ನಡುವಿಗೆ, ಹಿಂದಕ್ಕೆ ಹಾಕುವುದು. ನಾಲ್ಕನೆಯದು, ಬೇಕಾದಾಗ ಎಂಜಿನನ್ನು ನಿಲ್ಲಿಸುವುದು. ಐದನೆಯದು ಕಣ್ಣಿಗೆ ಕಾಣದ ಕೆಲಸ. ಪ್ರೊಪೆಲ್ಲರ್ ತಿರುಗುವಾಗ ಎಂಜಿನನ್ನು ಒಂದು ಮಗ್ಗುಲಿಗೆ ಎಳೆಯುವ ಬಲವೊಂದು ಸದಾ ಇರುತ್ತದೆ. ಕೈ ತನಗೆ ಅರಿವಿಲ್ಲದೆಯೇ ಅದನ್ನು ತಡೆದು ನಿಲ್ಲಿಸಿರುತ್ತದೆ. ಇಷ್ಟಲ್ಲದೆ, ಚಾಲಕನು ತನ್ನ ದೇಹದ ತೂಕವನ್ನು ದೋಣಿಯ ಹಿಂಭಾಗದಲ್ಲಿ ಇರಿಸಿ ಅದರ ಸಮತೋಲವನ್ನು ನಿರ್ಣಯಿಸುತ್ತಿರುತ್ತಾನೆ.

ಚಕ್ರವನ್ನು ಅಳವಡಿಸುವವನು ಈ ಎಲ್ಲ ಕೆಲಸಗಳಿಗೂ ಉತ್ತರ ಹೇಳಬೇಕು. ಒಂದೊಂದಾಗಿ ನೋಡೋಣ.

ತಿರುವನ್ನು ಸಾಗಿಸುವ ಬಗೆ

ಹಳೆಯ ಪದ್ಧತಿಯಲ್ಲಿ ಚಕ್ರದ ಹಿಂದೆ ಒಂದು ಉರುಳೆ ಇರುತ್ತಿದ್ದಿತು. ಅದಕ್ಕೆ ಸುತ್ತಿದ ಹಗ್ಗವು ದೋಣಿಯ ಎರಡು ಪಕ್ಕಗಳಲ್ಲಿಯೂ ರಾಟೆಗಳ ಮೇಲೆ ಹಾದು ಎಂಜಿನಿನ ಎಡಬಲಗಳನ್ನು ಎಳೆಯುತ್ತಿದ್ದಿತು. ಇದು ಅಗ್ಗವಾದ ಸರಳ ಏರ್ಪಾಡು. ಆದರೆ ಹಗ್ಗ ಸಡಿಲವಾಗುತ್ತದೆ, ರಾಟೆಯಲ್ಲಿ ಸವೆಯುತ್ತದೆ, ಒಂದು ದಿನ ಕಡಿದುಹೋಗುತ್ತದೆ. ಕಡಿದ ಕ್ಷಣವೇ ದೋಣಿ ಚಾಲಕನ ಕೈಬಿಟ್ಟು ಹೋಗುತ್ತದೆ.

ಈಗ ಹೆಚ್ಚಾಗಿ ಬಳಸುವುದು ತಳ್ಳುವ ಮತ್ತು ಎಳೆಯುವ ಕೇಬಲನ್ನು. ಬೈಸಿಕಲ್ಲಿನ ಬ್ರೇಕಿನ ತಂತಿಯು ಎಳೆಯಬಲ್ಲುದೇ ಹೊರತು ತಳ್ಳಲಾರದು. ದೋಣಿಯ ಕೇಬಲಿನಲ್ಲಾದರೆ ಗಟ್ಟಿಯಾದ ಒಳತಂತಿಯು ಬಿಗಿಯಾದ ಹೊರಕವಚದೊಳಗೆ ಸರಿಯುವುದರಿಂದ ಎರಡನ್ನೂ ಮಾಡಬಲ್ಲುದು. ಚಕ್ರವನ್ನು ತಿರುಗಿಸಿದಾಗ ಅದರ ಹಿಂದಣ ಹಲ್ಲುಗಾಲಿಯು ಒಳತಂತಿಯನ್ನು ಮುಂದಕ್ಕೋ ಹಿಂದಕ್ಕೋ ಸಾಗಿಸುತ್ತದೆ. ಕೇಬಲಿನ ಇನ್ನೊಂದು ತುದಿಯಲ್ಲಿ ಒಂದು ಉಕ್ಕಿನ ದಂಡವಿದೆ. ಎಂಜಿನನ್ನು ಮೇಲಕ್ಕೆತ್ತಲು ಕೀಲಿನಂತಿರುವ ಅಡ್ಡಕೊಳವೆಯ ಮೂಲಕ ಈ ದಂಡವು ಹಾದು ಹೊರಬಂದು, ಒಂದು ಸಣ್ಣ ಕೊಂಡಿಯ ಮೂಲಕ ಎಂಜಿನಿನ ತೋಳನ್ನು ಹಿಡಿಯುತ್ತದೆ.

ಚಕ್ರದಿಂದಾಗುವ ಲಾಭನಷ್ಟಗಳನ್ನು ಲೆಕ್ಕದಿಂದ ತಿಳಿಯಬಹುದು. ಎಂಜಿನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು 60 ಡಿಗ್ರಿ ತಿರುಗುತ್ತದೆಂದೂ ಹಿಡಿಗೋಲಿನ ಉದ್ದ 24 ಅಂಗುಲವೆಂದೂ ಇಟ್ಟುಕೊಳ್ಳೋಣ. ಆಗ ಕೈ ಚಲಿಸಬೇಕಾದುದು ಸುಮಾರು 25 ಅಂಗುಲ ಮಾತ್ರ. ಚಕ್ರದ ವ್ಯಾಸ 13½ ಅಂಗುಲವಾಗಿದ್ದು, ಅದನ್ನು ಮೂರೂವರೆ ಸುತ್ತು ತಿರುಗಿಸಬೇಕಾದರೆ ಕೈ ಚಲಿಸಬೇಕಾದುದು ಸುಮಾರು 148 ಅಂಗುಲ. ಕೈಗೆ ಬೀಳುವ ಶ್ರಮ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ತಿರುಗಿಸಲು ಬೇಕಾದ ದೂರ ಸುಮಾರು ಆರರಷ್ಟಾಗುತ್ತದೆ. ಬಲದಲ್ಲಿ ಗಳಿಸಿದುದನ್ನು ದೂರದಲ್ಲಿ ತೆರಬೇಕೆಂಬ ಸನ್ನೆಯ ನಿಯಮ ಇಲ್ಲಿಯೂ ತಪ್ಪದು. ಎದುರಿಗೆ ತೇಲುಮರವೊಂದು ತಟ್ಟನೆ ಕಂಡಾಗ ಹಿಡಿಗೋಲಿನ ಚಾಲಕನು ಒಂದೇ ನೂಕಿಗೆ ದೋಣಿಯನ್ನು ತಿರುಗಿಸುವನು. ಚಕ್ರದ ಚಾಲಕನಿಗೆ ಸ್ವಲ್ಪ ಹೆಚ್ಚು ಕಾಲ ಬೇಕು. ಅವನು ಮುಂದಿನ ನೀರನ್ನು ಇನ್ನಷ್ಟು ದೂರ ನೋಡುತ್ತ ನಡೆಸಬೇಕು.

ಕೇಬಲನ್ನು ಹಾಯಿಸುವಾಗ ಚೂಪಾದ ಬಾಗು ಇರಕೂಡದು. ಬಾಗಿನ ತ್ರಿಜ್ಯ ಸುಮಾರು 8 ಅಂಗುಲಕ್ಕಿಂತ ಕಡಿಮೆಯಾದರೆ ಒಳತಂತಿಯು ಉಜ್ಜಿ ಸವೆದು ಚಕ್ರವು ಬಿಗಿಯಾಗುತ್ತದೆ. ಕೇಬಲಿನ ಉದ್ದವನ್ನು ಅದು ಹಾಯುವ ದಾರಿಯಲ್ಲಿಯೇ ಅಳೆಯಬೇಕು. ಗಿಡ್ಡವಾದರೆ ಎಂಜಿನು ಪೂರ್ತಿ ತಿರುಗದು. ಉದ್ದವಾದರೆ ಹೆಚ್ಚಿನ ಭಾಗ ಸುರುಳಿಯಾಗಿ ಕಾಲಿಗೆ ತೊಡರುವುದು. ಕೊಂಡಿಯನ್ನು ಬಿಗಿಯುವ ನಟ್ಟುಗಳು ತಾವಾಗಿಯೇ ಸಡಿಲವಾಗದ ಜಾತಿಯವಾಗಿರಬೇಕು. ಸಾಮಾನ್ಯ ನಟ್ಟು ಎಂಜಿನಿನ ಕಂಪನಕ್ಕೆ ಕಳಚಿಬಿದ್ದರೆ, ಚಕ್ರವು ಚಾಲಕನ ಕೈಯಲ್ಲಿಯೇ ಇದ್ದು ದೋಣಿ ಮಾತ್ರ ತನ್ನಿಚ್ಛೆಯಂತೆ ತಿರುಗುವುದು. ಗ್ರೀಸ್ ಹಾಕುವುದರಲ್ಲಿಯೂ ಒಂದು ಕ್ರಮವಿದೆ. ದಂಡವನ್ನು ಪೂರ್ತಿಯಾಗಿ ಒಳಕ್ಕೆ ಎಳೆದುಕೊಂಡ ಮೇಲೆಯೇ ಗ್ರೀಸನ್ನು ತುಂಬಬೇಕು. ದಂಡವು ಹೊರಗೆ ಚಾಚಿರುವಾಗ ತುಂಬಿದರೆ ಅದು ಒಳಬರಲು ಎಡೆಯಿಲ್ಲದೆ ಗ್ರೀಸಿನ ಒತ್ತಡದಿಂದಲೇ ಚಕ್ರವು ಸಿಕ್ಕಿಕೊಳ್ಳುವುದುಂಟು.

ಹೆಚ್ಚು ಶಕ್ತಿಯ ಎಂಜಿನುಗಳಿಗೆ ದ್ರವದ ಒತ್ತಡದಿಂದ ನಡೆಯುವ ಏರ್ಪಾಡು ಒಪ್ಪುತ್ತದೆ. ಒಂದೆಡೆ ಮುಚ್ಚಿಟ್ಟ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲ್ ತೋರಿಸಿದನು. ಚಕ್ರದ ಹಿಂದೆ ಒಂದು ಪುಟ್ಟ ಪಂಪು, ಎಂಜಿನಿನ ಬಳಿ ಒಂದು ಸಿಲಿಂಡರು, ನಡುವೆ ಎಣ್ಣೆ ತುಂಬಿದ ಎರಡು ಕೊಳವೆಗಳು: ಇಷ್ಟೇ ಇದರ ರಚನೆ. ಎಂಜಿನು ಒಂದು ಮಗ್ಗುಲಿಗೆ ಎಳೆದರೂ ಪಂಪಿನ ಕವಾಟಗಳು ಎಣ್ಣೆಯನ್ನು ತಡೆಯುವುದರಿಂದ ಚಕ್ರಕ್ಕೆ ಆ ಎಳೆತ ತಟ್ಟದು. ಕೈಯ ಐದನೆಯ ಕೆಲಸವನ್ನು ಹೀಗೆ ಕವಾಟವು ವಹಿಸಿಕೊಳ್ಳುತ್ತದೆ. ಆದರೆ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿಯಕೂಡದು. ಗಾಳಿಯು ಕುಗ್ಗಬಲ್ಲುದು, ಎಣ್ಣೆ ಕುಗ್ಗದು. ಗುಳ್ಳೆಯಿದ್ದರೆ ಚಕ್ರವನ್ನು ತಿರುಗಿಸಿದ ಶ್ರಮವೆಲ್ಲ ಅದನ್ನು ಹಿಸುಕುವುದಕ್ಕೇ ವ್ಯಯವಾಗುವುದು.

ಗೇರು, ವೇಗ ಮತ್ತು ವಿದ್ಯುತ್ತು

ವೇಗಕ್ಕೂ ಗೇರಿಗೂ ಎರಡು ತೆಳುವಾದ ಕೇಬಲುಗಳು ಬೇಕು. ಚಾಲಕನ ಕೈಯೆಡೆಯಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಒಂದೇ ಹಿಡಿಕೆ. ನಡುವಿನಿಂದ ಮುಂದಕ್ಕೆ ಸರಿಸಿದರೆ ಮೊದಲು ಗೇರು ಬೀಳುತ್ತದೆ, ಆಮೇಲೆ ವೇಗ ಏರುತ್ತದೆ. ಹಿಂದಕ್ಕೂ ಹೀಗೆಯೇ. ಓಡುವ ವೇಗದಲ್ಲಿ ಗೇರನ್ನು ಬದಲಿಸಿ ಹಲ್ಲುಗಳನ್ನು ಮುರಿಯುವ ತಪ್ಪಿಗೆ ಇಲ್ಲಿ ಎಡೆಯೇ ಇಲ್ಲ.

ಎಲ್ಲ ಎಂಜಿನುಗಳೂ ಈ ಮಾರ್ಪಾಡಿಗೆ ಒಗ್ಗುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಕೇಬಲಿನ ದಂಡ ಹಾಯತಕ್ಕ ಕೊಳವೆ ಕೆಲವು ಸಣ್ಣ ಎಂಜಿನುಗಳಲ್ಲಿ ಇರುವುದಿಲ್ಲ. ಕೆಲವಕ್ಕೆ ತಯಾರಕರೇ ಒದಗಿಸುವ ತೋಳು, ಕೊಂಡಿ, ತಂತಿಗಳ ಜೋಡಣೆ ಬೇಕಾಗುತ್ತದೆ. ಹಗ್ಗ ಎಳೆದು ಚಾಲೂ ಮಾಡುವ ಎಂಜಿನಾದರೆ, ಚಾಲಕನು ಮುಂದೆ ಕುಳಿತ ಮೇಲೆ ಪ್ರತಿಸಲವೂ ಹಿಂದಕ್ಕೆ ಹೋಗಿ ಹಗ್ಗ ಎಳೆಯಬೇಕಾಗುತ್ತದೆ. ಆದುದರಿಂದ ಬ್ಯಾಟರಿಯಿಂದ ಚಾಲೂ ಆಗುವ ಎಂಜಿನೇ ಇದಕ್ಕೆ ಯೋಗ್ಯ. ಗೇರು ನಡುವಿನಲ್ಲಿ ಇಲ್ಲದಾಗ ಎಂಜಿನು ಚಾಲೂ ಆಗದಂತೆ ತಡೆಯುವ ಒಂದು ಸ್ವಿಚ್ಚು ಈ ಪೆಟ್ಟಿಗೆಯಲ್ಲಿರುತ್ತದೆ. ಹಳೆಯ ಪೆಟ್ಟಿಗೆಯನ್ನು ತಂದು ಹಾಕುವವರು ಅದರ ತಂತಿಯನ್ನು ಜೋಡಿಸದೆ ಬಿಟ್ಟರೆ, ಬೀಗದ ಕೈ ತಿರುಗಿಸಿದ ಕೂಡಲೆ ದೋಣಿಯು ಮುಂದಕ್ಕೆ ಚಿಮ್ಮಿ ನಿಂತವರನ್ನು ನೀರಿಗೆ ಕೆಡಹಬಹುದು.

ವಿದ್ಯುತ್ತಿನ ತಂತಿಯ ದಪ್ಪವನ್ನು ಕುರಿತು ಒಂದು ಉದಾಹರಣೆ ಸಾಕು. ಬ್ಯಾಟರಿಯಿಂದ 5 ಮೀಟರು ದೂರದಲ್ಲಿರುವ ದೀಪಗಳು 5 ಆಂಪೇರು ವಿದ್ಯುತ್ತನ್ನು ಬಯಸುತ್ತವೆನ್ನೋಣ. ಹೋಗಿಬರುವ ತಂತಿಯ ಉದ್ದ 10 ಮೀಟರು. ಅಡ್ಡಕೊಯ್ತ 1 ಚದರ ಮಿಲಿಮೀಟರು ಇರುವ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.17 ಓಂ, ದಾರಿಯಲ್ಲಿ ಕಳೆದುಹೋಗುವುದು 0.86 ವೋಲ್ಟು. 12 ವೋಲ್ಟಿನಲ್ಲಿ ಇದು ನೂರಕ್ಕೆ ಏಳರಷ್ಟು. ಎರಡೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವು ನೂರಕ್ಕೆ ಮೂರರೊಳಗೆ ನಿಲ್ಲುತ್ತದೆ. ದಾರಿದೀಪ, ನೀರೆತ್ತುವ ಪಂಪು ಮೊದಲಾದ ಮುಖ್ಯ ಉಪಕರಣಗಳಿಗೆ ನಷ್ಟವು ಈ ಮಿತಿಯನ್ನು ಮೀರಬಾರದೆಂಬುದು ದೋಣಿ ಕಟ್ಟುವವರ ನಿಯಮ. ಪ್ರತಿಯೊಂದು ತಂತಿಗೂ ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಸ್ ಇರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಪೆಟ್ರೋಲಿನ ಆವಿ ಸೇರುವ ಸ್ಥಳದಲ್ಲಿ ಒಂದು ಕಿಡಿಯೂ ಹೆಚ್ಚೇ.

ತೂಕದ ಲೆಕ್ಕ

75 ಕಿಲೋಗ್ರಾಂ ತೂಕದ ಚಾಲಕನು ಹಿಂದಿನ ಪೀಠದಿಂದ ಒಂದೂವರೆ ಮೀಟರು ಮುಂದಕ್ಕೆ ಬಂದು ಕುಳಿತನೆನ್ನೋಣ. ತೂಕವನ್ನು ದೂರದಿಂದ ಗುಣಿಸಿದರೆ 112½ ಬರುತ್ತದೆ. 45 ಕಿಲೋಗ್ರಾಂ ತೂಕದ ಮೂಟೆಯೊಂದನ್ನು ಎರಡೂವರೆ ಮೀಟರು ಮುಂದಕ್ಕೆ ಸರಿಸಿದರೆ ಆಗುವ ಪರಿಣಾಮವೂ ಇಷ್ಟೇ. ಇದರ ಮೇಲೆ ಕನ್ಸೋಲಿನ ತೂಕವೂ ಗಾಜಿನ ತೂಕವೂ ಸೇರುತ್ತದೆ. ಇದರಿಂದ ಒಳ್ಳೆಯದೂ ಆಗಬಹುದು: ಹಿಂಭಾಗ ಹಗುರವಾಗಿ, ವೇಗ ಹಿಡಿಯುವಾಗ ಮೂತಿಯು ಆಕಾಶಕ್ಕೆ ಏರುವುದು ಕಡಿಮೆಯಾಗುತ್ತದೆ, ದಾರಿ ಚೆನ್ನಾಗಿ ಕಾಣುತ್ತದೆ. ಆದರೆ ಕನ್ಸೋಲನ್ನು ತೀರ ಮುಂದಕ್ಕೆ ಇಟ್ಟರೆ ಮೂತಿಯು ಅಲೆಗಳಲ್ಲಿ ಮುಳುಗುತ್ತದೆ, ಅಲೆಯ ಪೆಟ್ಟು ಚಾಲಕನ ಬೆನ್ನಿಗೇ ಬೀಳುತ್ತದೆ. ದೋಣಿಯ ನಡುವಿಗಿಂತ ಕೊಂಚ ಹಿಂದೆ ಇಡುವುದು ಲೇಸು. ತಿರುಪುಗಳನ್ನು ಬಿಗಿಯುವ ಮೊದಲು ಅಷ್ಟೇ ತೂಕದ ಮರಳಿನ ಚೀಲಗಳನ್ನು ಅಲ್ಲಿಟ್ಟು, ದೋಣಿಯನ್ನು ನೀರಿಗಿಳಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಎಡಬಲಗಳ ಸಮತೋಲವನ್ನೂ ಮರೆಯುವಂತಿಲ್ಲ. ಪಕ್ಕದ ಕನ್ಸೋಲನ್ನು ಸಾಮಾನ್ಯವಾಗಿ ಬಲಗಡೆಯಲ್ಲಿ ಇಡುತ್ತಾರೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವುದಾದರೆ, ಅದರ ಪ್ರತಿಕ್ರಿಯೆಯಿಂದ ದೋಣಿಯು ಎಡಕ್ಕೆ ವಾಲಲು ನೋಡುತ್ತದೆ. ಬಲಗಡೆ ಕುಳಿತ ಚಾಲಕನ ತೂಕ ಅದನ್ನು ಸರಿದೂಗಿಸುತ್ತದೆ. ದೋಣಿ ನಿಂತಾಗ ಬಲಕ್ಕೆ ವಾಲದಂತೆ ಬ್ಯಾಟರಿಯನ್ನೂ ಇಂಧನದ ಡಬ್ಬವನ್ನೂ ಎಡಕ್ಕೆ ಇಡುತ್ತಾರೆ.

ಕನ್ಸೋಲನ್ನು ನೆಲೆಗೊಳಿಸುವಾಗ ದೋಣಿಯ ತಳದ ತಗಡಿಗೆ ರಂಧ್ರ ಕೊರೆಯಬಾರದು. ನೆಲಹಲಗೆಗೂ ಅದರ ಕೆಳಗಿನ ಅಡ್ಡಪಟ್ಟಿಗಳಿಗೂ ಬೋಲ್ಟು ಹಾಕಿ ಬಿಗಿಯಬೇಕು. ದೋಣಿ ತುಳುಕಿದಾಗ ಮನುಷ್ಯರು ಆತುಕೊಳ್ಳುವುದು ಕನ್ಸೋಲನ್ನೇ ಎಂಬುದು ನೆನಪಿನಲ್ಲಿರಲಿ. ಹುಳು ಹಿಡಿಯದಂತೆ ತಾಮ್ರದ ಲವಣಗಳಲ್ಲಿ ನೆನೆಸಿದ ಹಲಗೆಯನ್ನು ಅಲ್ಯುಮಿನಿಯಮ್ಮಿಗೆ ತಾಗಿಸಿದರೆ ತಗಡು ಕ್ರಮೇಣ ತಿಂದುಹೋಗುತ್ತದೆ. ಪೀಠಗಳ ಅಡಿಯಲ್ಲಿ ತುಂಬಿರುವ ಹಗುರವಾದ ನೊರೆಗಟ್ಟಿಯನ್ನು ಕೇಬಲಿಗೆ ದಾರಿ ಮಾಡುವ ನೆಪದಲ್ಲಿ ಕಿತ್ತು ಹಾಕುವುದಂತೂ ಸಲ್ಲದು. ದೋಣಿಯೊಳಕ್ಕೆ ನೀರು ತುಂಬಿದ ದಿನ ಅದನ್ನು ತೇಲಿಸುವುದು ಆ ನೊರೆಗಟ್ಟಿಯೇ.

ಶಕ್ತಿಯ ಮಿತಿ

ಚಕ್ರವನ್ನು ಹಾಕಿದ ಮೇಲೆ ದೊಡ್ಡ ಎಂಜಿನನ್ನು ತಂದು ಹಾಕಬೇಕೆಂಬ ಆಸೆ ಸಹಜವಾಗಿ ಹುಟ್ಟುತ್ತದೆ. ಅಮೆರಿಕದ ನಿಯಮಗಳಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಇದಕ್ಕೊಂದು ಲೆಕ್ಕವಿದೆ. ದೋಣಿಯ ಉದ್ದವನ್ನು ಹಿಂಬದಿಯ ಹಲಗೆಯ ಅಗಲದಿಂದ ಅಡಿಗಳಲ್ಲಿ ಗುಣಿಸಬೇಕು. ಉದ್ದ 16, ಅಗಲ 5 ಆದರೆ ಗುಣಲಬ್ಧ 80. ಮುಂದಿನಿಂದ ನಡೆಸುವ ಚಕ್ರವಿದ್ದು, ಹಿಂಬದಿಯ ಹಲಗೆಯ ಎತ್ತರವೂ ಕನಿಷ್ಠ 20 ಅಂಗುಲವಿದ್ದರೆ, 80ರ ಎರಡರಷ್ಟರಿಂದ 90ನ್ನು ಕಳೆಯಬೇಕು; 70 ಅಶ್ವಶಕ್ತಿ ಬರುತ್ತದೆ. ಈ ಎರಡರಲ್ಲಿ ಒಂದಿಲ್ಲದಿದ್ದರೂ ಲೆಕ್ಕ ಬೇರೆ: 80ನ್ನು 0.8ರಿಂದ ಗುಣಿಸಿ 25ನ್ನು ಕಳೆದರೆ 39. ಅದನ್ನು 40ಕ್ಕೆ ಏರಿಸಬಹುದು. ಮಟ್ಟಸ ತಳದ, ಮೂಲೆ ಚೂಪಾದ ದೋಣಿಗೆ 80ರ ಅರ್ಧದಿಂದ 15ನ್ನು ಕಳೆಯಬೇಕು, 25 ಮಾತ್ರ.

ಒಂದೇ ಗಾತ್ರದ ದೋಣಿಗೆ ಒಮ್ಮೆ 70, ಒಮ್ಮೆ 40. ಹಿಡಿಗೋಲನ್ನು ಹಿಡಿದ ಕೈ ಎಷ್ಟು ಬಲವನ್ನು ತಡೆದು ನಿಲ್ಲಿಸಬಲ್ಲುದೆಂಬುದನ್ನು ನಿಯಮವೇ ಒಪ್ಪಿಕೊಂಡಂತೆ ಇದು. ಆದರೆ ಮನೆಯಲ್ಲಿ ಚಕ್ರ ಹಾಕಿಕೊಂಡ ಮಾತ್ರಕ್ಕೆ ಹಳೆಯ ದೋಣಿಗೆ 70ರ ಯೋಗ್ಯತೆ ಬರುವುದಿಲ್ಲ. ಹಿಂಬದಿಯ ಹಲಗೆಯು 15 ಅಂಗುಲದ್ದಾದರೆ ಲೆಕ್ಕವೇ ಬೇರೆ. 20 ಅಂಗುಲದ್ದಾದರೂ ಅದನ್ನು ಕಟ್ಟಿದುದು ಚಿಕ್ಕ ಎಂಜಿನಿನ ಎಳೆತಕ್ಕೆ. ತಯಾರಕರು ದೋಣಿಯ ಫಲಕದಲ್ಲಿ ಕೊರೆದಿರುವ ಮಿತಿಯೇ ಮಿತಿ.

ಕೈ ತಪ್ಪಿದಾಗ

ಇನ್ನುಳಿದುದು ನಾಲ್ಕನೆಯ ಕೆಲಸ, ಎಂಜಿನನ್ನು ನಿಲ್ಲಿಸುವುದು. ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಇಲ್ಲಿಯೇ. ಅಲೆಯೊಂದು ಬಡಿದು ಚಾಲಕನು ನೀರಿಗೆ ಬಿದ್ದನೆನ್ನೋಣ. ಅಲ್ಲಿಯ ತನಕ ಅವನ ಕೈ ತಡೆದಿದ್ದ ಮಗ್ಗುಲೆಳೆತಕ್ಕೆ ಈಗ ತಡೆಯಿಲ್ಲ. ಎಂಜಿನು ಒಂದು ಕಡೆಗೆ ಪೂರ್ತಿಯಾಗಿ ತಿರುಗಿ, ದೋಣಿಯು ಅದೇ ವೇಗದಲ್ಲಿ ಸುತ್ತು ಹಾಕಲು ತೊಡಗುತ್ತದೆ. ಸುತ್ತು ಬಂದು ಬಿದ್ದವನ ಮೇಲೆಯೇ ಹಾಯುತ್ತದೆ. ತಿರುಗುತ್ತಿರುವ ಪ್ರೊಪೆಲ್ಲರಿನ ಅಲಗುಗಳಿಗೆ ಸಿಕ್ಕ ಮನುಷ್ಯನ ಗತಿಯನ್ನು ಹೇಳಬೇಕಾಗಿಲ್ಲ. ಆ ದೇಶದ ದೋಣಿಗಾರರು ಇದನ್ನು ಸಾವಿನ ಸುತ್ತು ಎಂದೇ ಕರೆಯುತ್ತಾರೆ.

ಇದಕ್ಕೆ ಪರಿಹಾರ ಒಂದು ಗೇಣುದ್ದದ ಸ್ವಿಚ್ಚು ಕೂಡ ಅಲ್ಲ, ಬೆರಳುದ್ದದ್ದು. ಅದಕ್ಕೆ ಸಿಕ್ಕಿಸಿದ ಹುರಿಯ ಇನ್ನೊಂದು ತುದಿಯನ್ನು ಚಾಲಕನು ತನ್ನ ಮಣಿಕಟ್ಟಿಗೋ ರಕ್ಷಾಕವಚಕ್ಕೋ ಕಟ್ಟಿಕೊಂಡಿರುತ್ತಾನೆ. ಅವನು ಬಿದ್ದ ಕ್ಷಣ ಹುರಿ ಕಳಚಿ ಎಂಜಿನು ನಿಲ್ಲುತ್ತದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ, 3 ಅಥವಾ ಹೆಚ್ಚು ಅಶ್ವಶಕ್ತಿಯ ದೋಣಿಗಳಲ್ಲಿ ಇಂಥ ಸ್ವಿಚ್ಚು ಇದ್ದರೆ, ವೇಗವಾಗಿ ಸಾಗುವಾಗ ಹುರಿಯನ್ನು ಕಟ್ಟಿಕೊಂಡಿರಲೇಬೇಕೆಂಬ ನಿಯಮವು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸುತ್ತಲೂ ಮುಚ್ಚಿದ ಕೋಣೆಯೊಳಗಿನಿಂದ ನಡೆಸುವ ದೋಣಿಗಳಿಗೆ ಮಾತ್ರ ವಿನಾಯಿತಿಯುಂಟು.

ಮಾರ್ಪಾಡು ಮಾಡುವವರು ಗಮನಿಸಬೇಕಾದುದು ಇದು: ಮೊದಲಿದ್ದ ಸ್ವಿಚ್ಚು ಹಿಡಿಗೋಲಿನ ಬಳಿ ಇದ್ದಿತು. ಹಿಡಿಗೋಲನ್ನು ಕಳಚಿದಾಗ ಅದೂ ಹೋಯಿತು, ಅಥವಾ ಹುರಿ ಎಟುಕದಷ್ಟು ಹಿಂದೆ ಉಳಿಯಿತು. ಹಳೆಯ ದೋಣಿಯಿಂದ ತಂದ ಪೆಟ್ಟಿಗೆಯಲ್ಲಿ ಅಂಥ ಸ್ವಿಚ್ಚು ಇಲ್ಲದೆಯೇ ಇರಬಹುದು. ಚಕ್ರ ತಿರುಗುತ್ತದೆ, ಗೇರು ಬೀಳುತ್ತದೆ, ದೀಪ ಉರಿಯುತ್ತದೆ. ಎಲ್ಲವೂ ಸರಿಯಾಗಿದೆಯೆಂದು ತೋರುತ್ತದೆ. ಇಲ್ಲದ ಸ್ವಿಚ್ಚಿನ ಕೊರತೆ ಬೇಕಾದ ದಿನವೇ ಹೊರತು ಬೇರೆ ದಿನ ತಿಳಿಯದು. ಆದುದರಿಂದ ಕನ್ಸೋಲಿನಲ್ಲಿ ಮೊದಲು ಜೋಡಿಸತಕ್ಕುದು ಈ ಸ್ವಿಚ್ಚನ್ನೇ.

ಬದಲಿಸಬೇಕೆ, ಬೇಡವೆ?

ಎಲ್ಲರಿಗೂ ಚಕ್ರವೇ ಮೇಲೆಂದು ತಿಳಿಯಬಾರದು. ಮಿನೆಸೋಟಾದ ಸರೋವರಗಳಲ್ಲಿ ಗಾಳಿಗೆ ಎದುರಾಗಿ ದೋಣಿಯನ್ನು ಹಿಮ್ಮೊಗವಾಗಿ ನಿಧಾನವಾಗಿ ನಡೆಸುತ್ತ ಗಾಳ ಹಾಕುವವರು ಹಿಡಿಗೋಲನ್ನು ಬಿಡಲೊಪ್ಪುವುದಿಲ್ಲ. ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರಲ್ಲಿ ಹಿಡಿಗೋಲು ಇರುವ ಆ ಕೆಲಸಕ್ಕೆ ಚಕ್ರವು ಅಡ್ಡಿಯೇ. ಕನ್ಸೋಲು ನುಂಗುವ ಸ್ಥಳವೂ ಚಿಕ್ಕ ದೋಣಿಯಲ್ಲಿ ಕಡಿಮೆಯದಲ್ಲ.

ನಮ್ಮ ಕರಾವಳಿಯ ನಾಡದೋಣಿಗಳಲ್ಲಿಯೂ ಔಟ್‌ಬೋರ್ಡ್ ಎಂಜಿನುಗಳುಂಟು. ಮಳೆಗಾಲದ ಮೀನುಗಾರಿಕೆಯ ನಿಷೇಧದ ಅವಧಿಯಲ್ಲಿ ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯವರೆಗಿನ ಎಂಜಿನುಳ್ಳ ಇಂಥ ದೋಣಿಗಳಿಗೆ. ಮರಳಿನ ದಡದಿಂದ ನೂಕಿ ಅಲೆಗಳನ್ನು ದಾಟಿಸುವಾಗ ಎಂಜಿನನ್ನು ಕ್ಷಣಾರ್ಧದಲ್ಲಿ ಎತ್ತಬೇಕು, ಇಳಿಸಬೇಕು, ತಿರುಗಿಸಬೇಕು; ಬಲೆ ಹಾಕಲು ದೋಣಿಯ ನಡುವು ತೆರವಾಗಿರಬೇಕು. ಅಲ್ಲಿ ಹಿಡಿಗೋಲಿಗೆ ಸಮನಾದುದಿಲ್ಲ. ಆದರೆ ಹುರಿಯ ಮಾತು ಮಾತ್ರ ಅಲ್ಲಿಗೂ ಇಲ್ಲಿಗೂ ಒಂದೇ. ಪ್ರೊಪೆಲ್ಲರ್ ತಿರುಗುವ ದೋಣಿಯಲ್ಲಿ ಕುಳಿತವನು ಸರೋವರದಲ್ಲಿದ್ದರೇನು, ಅಳಿವೆಯ ಬಾಯಲ್ಲಿದ್ದರೇನು?

ದೀರ್ಘ ದೂರ ಸಾಗುವವನಿಗೆ, ಬೆನ್ನುನೋವಿನಿಂದ ನರಳುವವನಿಗೆ, ಮನೆಯವರನ್ನು ಕೂರಿಸಿಕೊಂಡು ಹೋಗುವವನಿಗೆ ಚಕ್ರವು ನಿಜವಾಗಿಯೂ ಉಪಕಾರಿ. ಅಂಥವನು ಕೆಲಸ ಮುಗಿದ ಮೇಲೆ ದೋಣಿಯನ್ನು ನೀರಿಗಿಳಿಸುವ ಮುನ್ನ ನೆಲದ ಮೇಲೆಯೇ ಪರೀಕ್ಷಿಸಲಿ. ಎಂಜಿನನ್ನು ಇಳಿಸಿ ಒಮ್ಮೆ, ಎತ್ತಿ ಒಮ್ಮೆ ಚಕ್ರವನ್ನು ಎರಡು ಕೊನೆಗೂ ತಿರುಗಿಸಲಿ. ಕೇಬಲು ಎಲ್ಲಿಯೂ ಜಗ್ಗಬಾರದು. ಚಕ್ರವನ್ನು ಬಲಕ್ಕೆ ತಿರುಗಿಸಿದಾಗ ಪ್ರೊಪೆಲ್ಲರ್ ಕೂಡ ಬಲಕ್ಕೆ ಸರಿಯುವುದೇ ಎಂದು ನೋಡಲಿ. ಗೇರು ಹಾಕಿ ಚಾಲೂ ಮಾಡಲು ಯತ್ನಿಸಲಿ; ಎಂಜಿನು ಚಾಲೂ ಆಗಕೂಡದು. ಆಮೇಲೆ ನೀರಿಗಿಳಿಸಿ ಎಂಜಿನನ್ನು ಚಾಲೂ ಮಾಡಿ ಹುರಿಯನ್ನು ಎಳೆಯಲಿ. ಎಂಜಿನು ತತ್‌ಕ್ಷಣ ನಿಲ್ಲಬೇಕು. ಮೊದಲ ದಿನ ರಕ್ಷಾಕವಚವನ್ನು ತೊಟ್ಟು, ತೆರೆದ ನೀರಿನಲ್ಲಿ, ಹಗಲುಹೊತ್ತಿನಲ್ಲಿ, ನಿಧಾನವಾಗಿ ನಡೆಸಿ ಕೈಗೆ ಹೊಸ ಅಭ್ಯಾಸವನ್ನು ಕಲಿಸಲಿ. ಇಷ್ಟು ಪರೀಕ್ಷೆಗಳಲ್ಲಿ ತೇರ್ಗಡೆಯಾದ ದೋಣಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೊರಡಲು ಅವನು ಅಳುಕಬೇಕಾಗಿಲ್ಲ.